ಹದಿನೆಂಟನೇ ಪ್ರಶ್ನೆ

ಡಾಕ್ಟರುಗಳಿಂದ ಉತ್ತರ ಬರೆಸುವ ಕೆಲಸಕ್ಕೆ ನಾನು ಸೇರಿದಾಗ ಮನೆಯಲ್ಲಿ ನಕ್ಕಿದ್ದರು. ಅವರು ಬರೆದ ಚೀಟಿಯನ್ನೇ ಓದಲಾಗುವುದಿಲ್ಲ, ಹನ್ನೆರಡು ಪುಟ ಬರೆಸಿಕೊಂಡು ಏನು ಓದುತ್ತೀಯೆ ಎಂದು. ನಾಯಿ ಕಡಿತದ ಬಗ್ಗೆ ಒಂದು ಸಂಶೋಧನೆ ಅದು. ಅರಸೀಕೆರೆಯಿಂದ ಬೇಲೂರಿನವರೆಗೆ ಖಾಸಗಿ ಡಾಕ್ಟರುಗಳಿಗೆ ಅಂಚೆಯಲ್ಲಿ ಕಳಿಸಿದ್ದ ಫಾರ್ಮುಗಳಲ್ಲಿ ಒಂದೂ ವಾಪಸ್ ಬಂದಿರಲಿಲ್ಲ. ಎದುರಿಗೆ ಹೋಗಿ, ಒಲಿಸಿ, ತುಂಬಿಸಿಕೊಂಡು ಬರುವುದು ನನ್ನ ಪಾಲಿಗೆ ಬಂತು. ಹುರುಪು ಬರಲೆಂದು ತಲಾ ಒಂದು ಒಳ್ಳೆಯ ಪೆನ್ನು ಕೊಡುತ್ತಿದ್ದೆವು. ಪೆನ್ನನ್ನು ಮಾತ್ರ ಯಾರೂ ಬೇಡವೆನ್ನಲಿಲ್ಲ.

ಜಾವಗಲ್ಲಿನ ಡಾಕ್ಟರಿಗೆ ವಯಸ್ಸಾಗಿತ್ತು. ಬೆಂಚಿನ ಮೇಲೆ ಸದಾ ಜನ. ನಾಲ್ಕು ಸಲ ಹೋದೆ, ನಾಲ್ಕು ಸಲವೂ "ಸೋಮವಾರ ಬಾಮ್ಮ" ಎಂದರು. ಯಾವ ಸೋಮವಾರ ಎಂದು ಕೇಳುವಷ್ಟು ಸಿಟ್ಟು ಬಂದಿತ್ತು. ಐದನೇ ಸಲ, ಸ್ಟೆತಾಸ್ಕೋಪು ಕಿವಿಯಲ್ಲಿರುವಾಗಲೇ ಕೊನೆಯ ಪುಟ ತಿರುವಿ, ನಾವು ಕೊಟ್ಟ ಪೆನ್ನಿನಲ್ಲೇ ಸಹಿ ಹಾಕಿದರು. "ಮಿಕ್ಕಿದ್ದು ಕಾಂಪೌಂಡರ್ ಹತ್ರ ಕೇಳಿ ನೀನೇ ತುಂಬ್ಕೊಳಮ್ಮ. ಅವನಿಗೆಲ್ಲ ಗೊತ್ತು."

ಕಾಂಪೌಂಡರ್ ಒಳಗೆ ಯಾರಿಗೋ ಇಂಜೆಕ್ಷನ್ ಕೊಡುತ್ತಿದ್ದ. ಹೊರಗೆ ಅರಸೀಕೆರೆ ಬಸ್ಸು ಹಾರನ್ ಹೊಡೆಯಿತು. ಓಡಿ ಹತ್ತಿದೆ.

ಬಸ್ಸಿನಲ್ಲಿ ನಾನೇ ತುಂಬಿದೆ. ಹದಿನೆಂಟನೇ ಪ್ರಶ್ನೆ: ಲಸಿಕೆ ಇಲ್ಲದೆ ರೋಗಿಗಳನ್ನು ಬೇರೆ ಕಡೆ ಕಳಿಸಿದ್ದುಂಟೆ? 'ಹೌದು' ಎಂದರೆ ಏಕೆ, ಎಲ್ಲಿಗೆ, ಎಷ್ಟು ಸಲ ಎಂದು ಇನ್ನೂ ಒಂದೂವರೆ ಪುಟ. 'ಇಲ್ಲ' ಎಂದರೆ ನೇರವಾಗಿ ಇಪ್ಪತ್ತೇಳಕ್ಕೆ ಹೋಗಬಹುದು. 'ಇಲ್ಲ' ಎಂಬಲ್ಲಿ ಗುರುತು ಹಾಕಿದೆ. ಯಾರಿಂದಲೂ ಮಣಿಸಲಾಗದ ಡಾಕ್ಟರನ್ನು ಮಣಿಸಿದಳು ಎಂದು ಆಫೀಸಿನಲ್ಲಿ ಬೆನ್ನು ತಟ್ಟಿದರು. ನಾಚಿಕೆಯಾಗಲಿಲ್ಲ, ಹೆಮ್ಮೆಯೇ ಆಯಿತು.

ಕೆಲವು ತಿಂಗಳ ಮೇಲೆ ಮಾದಿಹಳ್ಳಿಯ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ ಬೀದಿನಾಯಿ ಅವಳ ಅಂಗೈ ಕಚ್ಚಿತು. "ಸುಣ್ಣ ಹಚ್ಚೀನಿ, ಏನೂ ಆಗಲ್ಲ ಬಿಡೇ" ಎಂದಳು. ಕಡಿತದ ಬಗ್ಗೆ ಹನ್ನೆರಡು ಪುಟ ಹೊತ್ತು ತಿರುಗಿದವಳಿಗೆ ಹುಚ್ಚುನಾಯಿ ರೋಗದ ಭಯ ಎಂಥದೆಂದು ಗೊತ್ತಿತ್ತು. ಬೈದು, ಸೋಪು ಹಚ್ಚಿ ತೊಳೆಸಿ, ಜಾವಗಲ್ಲಿಗೆ ಎಳೆದುಕೊಂಡು ಹೋದೆ. ಅಲ್ಲಿ ಲಸಿಕೆ ಇದ್ದೇ ಇರುತ್ತದೆ ಎಂದು ನಂಬಿದ್ದೆ. ನಾನು ಹಾಕಿದ ಗುರುತನ್ನು ನಾನೇ ನಂಬಿಬಿಟ್ಟಿದ್ದೆ.

ಡಾಕ್ಟರು ಗಾಯ ನೋಡಿ ತಲೆಯಾಡಿಸಿದರು. "ನಮ್ಮಲ್ಲಿ ಲಸಿಕೆ ಇಲ್ಲ. ಕರೆಂಟ್ ಹೋಗಿ ಹೋಗಿ ಫ್ರಿಜ್ಜಲ್ಲಿ ಇಟ್ಟಿದ್ದೆಲ್ಲ ಕೆಡುತ್ತೆ, ತರ್ಸೋದೇ ಬಿಟ್ಟೆ. ವಾರಕ್ಕೆ ಇಬ್ಬರು ಮೂವರನ್ನ ಹಿಂಗೇ ಕಳಿಸ್ತೀನಿ. ಈಗ್ಲೇ ಅರಸೀಕೆರೆಗೆ ಹೋಗ್ಬಿಡಿ." ಆಮೇಲೆ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. "ನೀನು ಆ ಸರ್ವೆ ಹುಡುಗಿ ಅಲ್ವಾ? ಇದೆಲ್ಲ ಅದ್ರಲ್ಲಿ ಬಂದಿರ್ಬೇಕಲ್ಲಮ್ಮ. ಯಾರಾದ್ರೂ ನೋಡಿದ್ರಾ?"

"ನೋಡ್ತಾರೆ ಸಾರ್" ಎಂದೆ.

ಅರಸೀಕೆರೆಯಲ್ಲಿ ಅಂದೇ ಲಸಿಕೆ ಸಿಕ್ಕಿತು, ಚಿಕ್ಕಮ್ಮ ಇವತ್ತಿಗೂ ಗಟ್ಟಿಯಾಗಿದ್ದಾಳೆ. ಆದರೆ ಆ ಬಸ್ಸಿನ ದಾರಿಯನ್ನು ನಾನು ಮರೆತಿಲ್ಲ. ಅದೇ ರಸ್ತೆ, ಫಾರ್ಮು ತುಂಬುವಾಗ ಕೂತಿದ್ದಂತೆ ಅದೇ ಕಿಟಕಿ ಪಕ್ಕ. ಗಾಯದ ಸುತ್ತ ಅಂಗೈ ಊದಿಕೊಳ್ಳುತ್ತಿತ್ತು. ಚಿಕ್ಕಮ್ಮ ಅದನ್ನು ನನ್ನ ತೊಡೆಯ ಮೇಲಿಟ್ಟು, ನನಗೇ ಸಮಾಧಾನ ಹೇಳುವವಳಂತೆ ಮಾತಾಡಿದಳು.

"ಡಾಕ್ಟ್ರು ಒಳ್ಳೇರು ಕಣೇ. ನಮ್ಮ ಕಷ್ಟಾನೆಲ್ಲ ಬರ್ದು ಕೊಟ್ಟವ್ರೆ. ನೀನೂ ಅಷ್ಟು ಸಲ ಅಲ್ದು ಬರ್ಸಿದೀಯ. ಅಲ್ಲಿ ಕೂತು ಓದೋರಿಗೆ ಕಣ್ಣಿಲ್ಲ, ಅಷ್ಟೇ."

ಓದಲು ಅದರಲ್ಲಿ ಏನೂ ಇರಲಿಲ್ಲ ಎನ್ನುವ ಬದಲು, "ಕೈ ಅಲ್ಲಾಡಿಸ್ಬೇಡ ಚಿಕ್ಕಮ್ಮ" ಎಂದೆ.