ಭಾನುವಾರದ ಎರಡು ಲೋಟ ನೀರು

ಹೋಟೆಲ್ ಯಜಮಾನರ ಎಡಗೈ ಮಣಿಕಟ್ಟಿನಲ್ಲಿ ಗಡಿಯಾರದ ಪಟ್ಟಿಯಷ್ಟು ಅಗಲಕ್ಕೆ ಚರ್ಮ ಬೆಳ್ಳಗಿತ್ತು. ಉಳಿದ ಮೈಯೆಲ್ಲ ಒಲೆಯ ಝಳಕ್ಕೆ ಕಂದಿ ಕಪ್ಪಾಗಿತ್ತು. ಅಲ್ಲಿ ಮಾತ್ರ ಎಳೆ ಮಗುವಿನ ಮೈಬಣ್ಣ. ವಾರದ ಆರು ದಿನ ಆ ಜಾಗದಲ್ಲಿ ಗಡಿಯಾರ ಇರುತ್ತಿತ್ತು. ಭಾನುವಾರ ಬೆಳಿಗ್ಗೆ ಹತ್ತು ಹೊಡೆಯುತ್ತಲೇ ಅದನ್ನು ಬಿಚ್ಚಿ ಹಣದ ಗಲ್ಲೆಯ ಡ್ರಾಯರಿನಲ್ಲಿಟ್ಟು, ಗೋಡೆ ಗಡಿಯಾರದ ಮೇಲೆ ಒಂದು ಪಂಚೆ ಇಳಿಬಿಟ್ಟು, ನನ್ನ ಮುಂದೆ ಕೈ ಚಾಚುತ್ತಿದ್ದರು. ನನ್ನದನ್ನೂ ಬಿಚ್ಚಿ ಕೊಡಬೇಕಿತ್ತು. ಮೊದಲ ಸಲ ನಾನು ಹಿಂದೆಮುಂದೆ ನೋಡಿದಾಗ ಹೇಳಿದ್ದರು: "ಮಗು ಗಂಟೆ ನೋಡ್ತಾ ಕೂತ್ರೆ ನಿಮ್ಮನ್ನು ನೋಡುದು ಯಾವಾಗ ರಾಯ್ರೇ?"

ಸಾಂತಾಕ್ರೂಜ್ ಸ್ಟೇಷನ್ನಿನ ಎದುರು ಅವರ ಹೋಟೆಲು. ಕೆಲಸದವರು ಅವರನ್ನು ಧನಿಗಳು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಮೂಲ್ಕಿಯ ಕಡೆಯವರು. ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದು ಪಾತ್ರೆ ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ಮಾಡಿ ಮೇಲೆ ಬಂದವರು. ಗಂಟೆ ಎಷ್ಟಾಯಿತೆಂದು ಭಾನುವಾರ ಯಾವನಾದರೂ ಗಿರಾಕಿ ಕೇಳಿದರೆ, "ಸ್ಟೇಷನ್ನಲ್ಲಿ ದೊಡ್ಡದು ಉಂಟು, ಅಲ್ಲಿ ನೋಡಿ" ಎಂದುಬಿಡುತ್ತಿದ್ದರು. ಲೋಕಲ್ ತಪ್ಪಿಸಿಕೊಂಡ ಗಿರಾಕಿಗಳು ಎಷ್ಟು ಜನವೋ, ಅವರಿಗೆ ಅದರ ಪರಿವೆ ಇರಲಿಲ್ಲ.

ನನ್ನ ಕಥೆ ಸಣ್ಣದು. ನಾನು ಧಾರವಾಡದ ಕಡೆಯವನು. ಬೈಕುಲ್ಲಾದ ಒಂದು ಗಿರಣಿಯ ಆಫೀಸಿನಲ್ಲಿ ಗುಮಾಸ್ತ, ಅಲ್ಲೇ ಒಂದು ಚಾಳಿನಲ್ಲಿ ವಾಸ. ನನ್ನ ಬಾಯಿ ಕೆಟ್ಟದ್ದು. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಆದರೆ ನನ್ನ ಮಾತಿಗಿಂತ ಏಟು ವಾಸಿ ಎಂದು ಅವಳೇ ಒಮ್ಮೆ ಹೇಳಿದ್ದಳು. ಆರು ವರ್ಷ ತಡೆದಳು, ಆಮೇಲೆ ಮಗಳನ್ನು ಕರೆದುಕೊಂಡು ಸಾಂತಾಕ್ರೂಜಿನ ತನ್ನ ಅಣ್ಣನ ಮನೆಗೆ ಹೋದಳು. ಐವತ್ತರ ದಶಕದ ಆರಂಭ ಅದು. ಮುಂಬಯಿ ಪ್ರಾಂತ್ಯದಲ್ಲಿ ವಿಚ್ಛೇದನದ ಕಾನೂನು ಆಗಲೇ ಬಂದಿತ್ತು, ಆದರೆ ನಮ್ಮ ಜನರ ಪೈಕಿ ಕೋರ್ಟಿನ ಮೆಟ್ಟಿಲು ಹತ್ತಿದವರನ್ನು ನಾನು ಕಂಡಿರಲಿಲ್ಲ. ಅವಳು ಹತ್ತಿದಳು. ಊರಿನವರು ನನಗೆ ಕಾಗದ ಬರೆಯುವುದನ್ನೇ ಬಿಟ್ಟರು. ಕೋರ್ಟು ಹೇಳಿದ್ದು ಇಷ್ಟು: ತಂದೆ ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಮಗುವನ್ನು ನೋಡಬಹುದು. ತಾಯಿಯ ಮನೆಯಲ್ಲಿ ಅಲ್ಲ, ತನ್ನ ಕೋಣೆಯಲ್ಲೂ ಅಲ್ಲ, ನಾಲ್ಕು ಜನ ಓಡಾಡುವ ಜಾಗದಲ್ಲಿ.

ಹೋಟೆಲನ್ನು ಆರಿಸಿದವನು ನನ್ನ ಹೆಂಡತಿಯ ಅಣ್ಣ. ಬಾಗಿಲ ಹತ್ತಿರದ ಮೇಜಿಗೆ ಕೂತು, ಪೇಪರ್ ಅಗಲಿಸಿಕೊಂಡು, ಅದರ ಅಂಚಿನಿಂದ ನನ್ನನ್ನು ಕಾಯುತ್ತಿದ್ದ. ನಾನು ಎಲ್ಲಾದರೂ ಒಮ್ಮೆ ತಪ್ಪಿದರೆ ಮತ್ತೆ ಕೋರ್ಟಿಗೆ ಹೋಗಿ ಆ ಎರಡು ಗಂಟೆಯನ್ನೂ ಕಿತ್ತುಕೊಳ್ಳಬೇಕೆಂಬುದು ಅವನ ಆಸೆ. ನನ್ನ ಬಾಯಿ ನನಗೇ ಗೊತ್ತಿದ್ದರಿಂದ ಅವನು ಗೆಲ್ಲುತ್ತಾನೆ ಎಂದೇ ನಾನೂ ನಂಬಿದ್ದೆ.

ಮೊದಲ ಭಾನುವಾರವೇ ಧನಿಗಳು ನಮ್ಮನ್ನು ನಡುವಿನ ಮೇಜಿನಿಂದ ಎಬ್ಬಿಸಿ ಫ್ಯಾಮಿಲಿ ರೂಮಿಗೆ ಕರೆದೊಯ್ದರು. ಹೆಂಗಸರು, ಮಕ್ಕಳು ಕೂರುವ, ಪರದೆ ಇಳಿಬಿಟ್ಟ ಕೋಣೆ ಅದು. ಭಾವಮೈದುನ ಪೇಪರ್ ಬಿಸಾಕಿ ಎದ್ದು ಬಂದ. ಧನಿಗಳು ಪರದೆಯನ್ನು ಅರ್ಧ ಸರಿಸಿ ಕಟ್ಟಿ, "ನಿಮಗೆ ಕಾಣ್ತದೆ. ಮಗುವಿಗೆ ನೀವು ಕಾಣುದು ಬೇಡ. ಕೂತ್ಕೊಳ್ಳಿ, ಬನ್ಸ್ ಬಿಸಿ ಉಂಟು" ಎಂದರು. ಅವನು ಕೂತ.

ಆ ಕೋಣೆಯಲ್ಲಿ ನೀರಿನ ಪದ್ಧತಿ ತಿರುಗುಮುರುಗು. ಉಳಿದ ಗಿರಾಕಿಗಳಿಗೆ ಕೂತ ಕೂಡಲೇ ನೀರು. ನಮಗೆ ಮೊದಲು ಮಜ್ಜಿಗೆ. ನೀರು ಬರುವುದು ಕೊನೆಗೆ. ಧನಿಗಳು ಗಲ್ಲೆಯ ಡ್ರಾಯರನ್ನು ಒಂದು ಬೆರಳಷ್ಟು ಎಳೆದು ಗಡಿಯಾರ ನೋಡಿ, ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ತಾವೇ ಎರಡು ಲೋಟ ನೀರು ತಂದು ನಮ್ಮ ಮುಂದೆ ಇಡುತ್ತಿದ್ದರು. ಮಾತಿಲ್ಲ. ಎರಡು ಮೂರು ವಾರದಲ್ಲಿ ಮಗಳಿಗೆ ಅದು ಅರ್ಥವಾಯಿತು. ನೀರು ಬಂದೊಡನೆ ಬಾಯಿ ಒರೆಸಿಕೊಂಡು, ಎದ್ದು ನಿಂತು, ಫ್ರಾಕಿನ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಹೊತ್ತಾಯಿತು ಎಂದು ಯಾರೂ ಹೇಳಬೇಕಿರಲಿಲ್ಲ. "ಎದ್ದ ಮಗುವನ್ನು ಮತ್ತೆ ಕೂರಿಸ್ಬಾರ್ದು" ಎಂಬುದು ಧನಿಗಳ ಇನ್ನೊಂದು ಕಟ್ಟಳೆ. "ಅದು ಮನಸ್ಸು ಗಟ್ಟಿ ಮಾಡಿ ಎದ್ದಿರ್ತದೆ. ನೀವು ಕೂರಿಸಿದ್ರೆ ಎರಡು ಸಲ ಏಳ್ಬೇಕು ಅದಕ್ಕೆ."

ಇಂಥ ಕಟ್ಟಳೆಗಳು ಅವರ ಬಳಿ ಬೇಕಾದಷ್ಟಿದ್ದವು. ಮನೆಯಲ್ಲಿ ಏನು ನಡೆಯಿತೆಂದು ಕೇಳಬಾರದು. ತಾಯಿಯ ಮಾತು ಎತ್ತಬಾರದು. ಮಗಳೇ ಎತ್ತಿದರೆ ಹೂಂ ಎನ್ನಬೇಕು. ಅವಳ ಸೋದರಮಾವನನ್ನು ಬೈಯಬಾರದು, ಅವಳು ಉಣ್ಣುವುದು ಆ ಮನೆಯ ಅನ್ನ. ನನಗೆ ಮೈ ಉರಿಯುತ್ತಿತ್ತು. ಒಂದು ದಿನ ಗಲ್ಲೆಯ ಮುಂದೆಯೇ ಹಾರಾಡಿದೆ: "ಏನ್ರೀ ಇದು? ಮಗಳು ನನ್ನ ಮನಿಯಾಕಿ, ನನ್ನ ಗೋತ್ರದಾಕಿ. ಅಪ್ಪ ಜೀವಂತ ಇರೂವಾಗ ಮಾವನ ಮನಿಯೊಳಗ ಬೆಳಿಯೂದಂದ್ರ ಏನರ್ಥರೀ?"

ಅವರು ನಕ್ಕರು. "ನಮ್ಮ ಕಡೆ ಎಲ್ಲಾ ಮಕ್ಕಳೂ ಮಾವನ ಮನೆಯಲ್ಲೇ ಬೆಳೆಯುದು ಮಾರಾಯ್ರೇ. ಅಳಿಯಸಂತಾನ ಅಂತ. ಮಕ್ಕಳು ತಾಯಿ ಮನೆಯವು, ಅಪ್ಪನದ್ದಲ್ಲ. ಊರಿಗೆ ಹೋದ್ರೆ ಹೆಂಡತಿ ಮನೆಯಲ್ಲಿ ನಾನು ನೆಂಟ. ದೊಡ್ಡ ಮಗ ನನ್ನನ್ನು ಕಂಡ ಕೂಡ್ಲೇ ಕೇಳುದು ಎಂತ ಗೊತ್ತುಂಟಾ? 'ಯಾವಾಗ ಹೋಗ್ತೀರಿ?' ಬೈಗುಳ ಅಲ್ಲ ಅದು. ನೆಂಟರ ಹತ್ರ ಎಲ್ಲರೂ ಕೇಳುವ ಮಾತು." ಒಬ್ಬ ಗಿರಾಕಿಗೆ ಚಿಲ್ಲರೆ ಎಣಿಸಿ ಕೊಟ್ಟು ಹೇಳಿದರು: "ನೀವು ಯಜಮಾನನ ಹಾಗೆ ಬಂದು ಕೂರ್ತೀರಿ. ಅದು ಹೋಯ್ತು. ಇನ್ನು ನೆಂಟನಾಗ್ಲಿಕ್ಕೆ ಕಲೀಬೇಕು. ನನಗೆ ಇಪ್ಪತ್ತು ವರ್ಷ ಹಿಡೀತು, ನಿಮಗೆ ಅಷ್ಟು ಸಮಯ ಇಲ್ಲ."

ದೀಪಾವಳಿಗೆ ನಾನು ಮಗಳಿಗೆ ಜರಿ ಲಂಗ ತಂದೆ. ಮುಂದಿನ ಭಾನುವಾರ ಭಾವಮೈದುನ ಅದನ್ನು ಪೇಪರಿನಲ್ಲಿ ಸುತ್ತಿ ನನ್ನ ಮೇಜಿನ ಮೇಲೆ ಹಾಕಿ ಹೋದ. ಪರದೆಯ ಒಳಗೆ ಮಗಳು ತಲೆ ತಗ್ಗಿಸಿ ಕೂತಿದ್ದಳು, ತಾನೇ ಏನೋ ಕದ್ದವಳಂತೆ. ಆ ದಿನ ಧನಿಗಳು ನನ್ನನ್ನು ಬೈದರು, "ಅವಳು ಅದನ್ನು ಇಡುದಾದ್ರೂ ಎಲ್ಲಿ, ಅಷ್ಟು ಯೋಚನೆ ಬೇಡ್ವಾ ನಿಮಗೆ?" ಎಂದು. ಮರುವಾರ ನೋಡಿದರೆ ಮೈಸೂರುಪಾಕು, ಲಾಡು ಇಡುವ ಗಾಜಿನ ಕಪಾಟಿನಲ್ಲಿ ಕೆಳಗಿನ ಅರೆ ಖಾಲಿ. ಅದು ಅವಳದ್ದು. ಲಂಗ, ಬಣ್ಣದ ಪೆನ್ಸಿಲ್ಲು, ಒಂದು ಬಟ್ಟೆಯ ಗೊಂಬೆ ಎಲ್ಲ ಅಲ್ಲೇ ಇರುತ್ತಿದ್ದವು. ಬಂದವಳು ಮೊದಲು ಕಪಾಟಿನ ಮುಂದೆ ಕೂತು ಎಲ್ಲವನ್ನೂ ಮುಟ್ಟಿ ನೋಡಿ, ಆಮೇಲೆ ನನ್ನ ಹತ್ತಿರ ಬರುತ್ತಿದ್ದಳು. ಗಿರಾಕಿಗಳು ಲಾಡಿನ ಕೆಳಗೆ ಗೊಂಬೆ ಮಲಗಿರುವುದನ್ನು ಕಂಡು ನಗುತ್ತಿದ್ದರು.

ನನ್ನಂಥವರು ಇನ್ನೂ ಇಬ್ಬರು ಬರತೊಡಗಿದರು. ಒಬ್ಬ ವಿಜಾಪುರದ ಬಟ್ಟೆ ವ್ಯಾಪಾರಿ, ಒಬ್ಬ ಗುಜರಾತಿ ಮೇಷ್ಟ್ರು. ವಕೀಲರ ಗುಮಾಸ್ತರ ಬಾಯಿಂದ ಸುದ್ದಿ ಹಬ್ಬಿತ್ತು. ಭಾನುವಾರ ಬೆಳಿಗ್ಗೆ ಫ್ಯಾಮಿಲಿ ರೂಮು ಬೇರೆಯವರಿಗೆ ಇಲ್ಲವೆಂದಾಯಿತು. ಧನಿಗಳು ಮೂವರಿಗೂ ಅದೇ ಪಾಠ ಹೇಳಿದರು, ಮೂವರ ಗಡಿಯಾರವನ್ನೂ ಕಸಿದುಕೊಂಡರು.

ಹೀಗೆ ಮೂರು ವರ್ಷ. ನಾನು ನಿಧಾನವಾಗಿ ನೆಂಟನಾಗುತ್ತಿದ್ದೆ. ಆಗ ಒಂದು ಭಾನುವಾರ ಮಗಳು ಗೋಳಿಬಜೆ ಮುರಿಯುತ್ತ ಹೇಳಿದಳು: "ಅಪ್ಪಾ, ಮಾಮಾಂದು ಬದ್ಲಿ ಆತು. ನಾವು ಎಲ್ಲಾರೂ ನಾಗಪುರಕ್ಕ ಹೋಗೋರು. ಶಾಳಾ ಸುರು ಆಗೂಕಿಂತ ಮೊದ್ಲು."

ಮುಂದಿನ ವಾರ ಜೇಬಿನಲ್ಲಿ ಧಾರವಾಡದ ಎರಡು ಟಿಕೀಟು ಇಟ್ಟುಕೊಂಡು ಹೋದೆ. ಹೋಟೆಲಿನ ಅಡಿಗೆಮನೆಗೆ ಹಿಂಬಾಗಿಲಿತ್ತು. ಅಲ್ಲಿಂದ ಗಲ್ಲಿ, ಗಲ್ಲಿಯಿಂದ ಸ್ಟೇಷನ್ನು, ದಾದರಿನಲ್ಲಿ ಗಾಡಿ. ಭಾವಮೈದುನ ಪೇಪರಿನ ಕೊನೆಯ ಪುಟ ತಿರುವುವಷ್ಟರಲ್ಲಿ ನಾವು ಹೊರಟುಹೋಗಿರಬೇಕು. ಮಗಳನ್ನು ಒಳಗೆ ಕೂರಿಸಿ ಅಡಿಗೆಮನೆಗೆ ಹೋಗಿ ಧನಿಗಳಿಗೆ ಎಲ್ಲವನ್ನೂ ಹೇಳಿದೆ. ಅವರು ಒಲ್ಲೆ ಎನ್ನಬಹುದೆಂಬುದು ನನ್ನ ತಲೆಗೇ ಹೊಳೆದಿರಲಿಲ್ಲ.

ಅವರು ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತರು. "ನೆಂಟ ಕದಿಯುದಿಲ್ಲ ರಾಯ್ರೇ. ಇವತ್ತು ಕರ್ಕೊಂಡು ಹೋದ್ರೆ ಎರಡು ದಿನ ಅವಳು ನಿಮ್ಮ ಮಗಳು. ಮೂರನೇ ದಿನ ಪೊಲೀಸು ಬರ್ತದೆ. ಮತ್ತೆ ಜನ್ಮದಲ್ಲಿ ನಿಮಗೆ ಮುಖ ತೋರಿಸ್ತಾರಾ?"

ನಾನು ಅಂದ ಮಾತನ್ನು ಇಲ್ಲಿ ಹಾಗೇ ಬರೆಯುತ್ತೇನೆ, ಮೆತ್ತಗೆ ಮಾಡಿ ಬರೆದರೆ ಅವರಿಗೆ ದ್ರೋಹ. "ನಿಮ್ಮ ಮಕ್ಕಳು ನಿಮ್ಮನ್ನ ಕ್ಯಾರೇ ಅನ್ನೂದಿಲ್ಲ. ಅದಕ್ಕ ಎಲ್ಲಾರ ಮಕ್ಕಳೂ ಹಂಗ ದೂರಾಗ್ಲಿ ಅಂತ ಕಾಯ್ತೀರಿ ನೀವು." ಒಲೆಯ ಮುಂದಿದ್ದವರೆಲ್ಲ ಸೌಟು ನಿಲ್ಲಿಸಿ ನೋಡಿದರು. ಅವರು ಬಾಗಿಲು ಬಿಡಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಎರಡು ಲೋಟ ನೀರು ತಂದಿಟ್ಟರು. ಮಗಳು ಎದ್ದು ನಿಂತಳು.

ಅವಳು ನಾಗಪುರಕ್ಕೆ ಹೊರಡುವ ಮೊದಲು ಧನಿಗಳು ಭಾವಮೈದುನನ ಮೇಜಿಗೆ ಹೋಗಿ ಅವನೆದುರು ಕೂತರು. ಗಿರಾಕಿಯ ಜೊತೆ ಅವರು ಕೂತದ್ದನ್ನು ನಾನು ಅದೊಂದೇ ಸಲ ಕಂಡದ್ದು. ಮೇ ರಜೆಗೆ ಮುಂಬಯಿಗೆ ಬಂದಾಗ ಮಗುವನ್ನು ಕರೆತರಬೇಕೆಂದು ಕೈಮುಗಿದು ಕೇಳಿದರು. ಅವನು ಆಯ್ತು ಆಯ್ತು ಎಂದ.

ಬರಲಿಲ್ಲ. ಎರಡು ವರ್ಷ, ಮೇ ತಿಂಗಳ ಪ್ರತಿ ಭಾನುವಾರ ನಾನು ಹೋಗಿ ಫ್ಯಾಮಿಲಿ ರೂಮಿನಲ್ಲಿ ಒಬ್ಬನೇ ಕೂತೆ. ಧನಿಗಳು ಗಡಿಯಾರಕ್ಕೆ ಪಂಚೆ ಹಾಕಿದರು. ಕೊನೆಗೆ ನೀರು ತಂದಿಟ್ಟರು, ಎರಡು ಲೋಟ. ಅವರ ಮಾತು ಕೇಳಿ ನಾನು ಮಗಳನ್ನು ಕಳೆದುಕೊಂಡೆ ಎಂದು ಆಗ ಅನ್ನಿಸುತ್ತಿತ್ತು. ಈಗಲೂ ಕೆಲವು ದಿನ ಅನ್ನಿಸುತ್ತದೆ. ಅಡಿಗೆಮನೆಯಲ್ಲಿ ಅಂದ ಮಾತಿಗೆ ಕ್ಷಮೆ ಕೇಳಬೇಕೆಂದು ಪ್ರತಿ ಸಲ ಹೋಗುತ್ತಿದ್ದೆ, ಕೇಳದೆ ಬರುತ್ತಿದ್ದೆ.

ಮೂರನೆಯ ವರ್ಷ ಅವರ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಆಸ್ಪತ್ರೆಯಲ್ಲಿ ನೋಡಲು ಬಿಡುವುದು ಸಂಜೆ ನಾಲ್ಕರಿಂದ ಆರು. ನಾನು ದಿನಾ ಹೋದೆ. ಊರಿನಿಂದ ದೊಡ್ಡ ಮಗ ಬಂದ. ಅಪ್ಪನದೇ ಮೂಗು, ಅಪ್ಪನದೇ ನಿಲುವು. ಸ್ಟೂಲಿನ ತುದಿಯಲ್ಲಿ ಕೂತು ಐದೈದು ನಿಮಿಷಕ್ಕೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಧನಿಗಳು ತುಳುವಿನಲ್ಲಿ ಏನೋ ಕೇಳಿದರು, ಅವನು ಏನೋ ಹೇಳಿದ. ಆಮೇಲೆ ನನ್ನ ಕಡೆ ತಿರುಗಿ, "ನಾಡಿದ್ದು ಹೋಗ್ತಾನಂತೆ. ನಾನೇ ಕೇಳಿದೆ, ಯಾವಾಗ ಹೋಗ್ತಿ ಅಂತ" ಎಂದು ಸಣ್ಣಗೆ ನಕ್ಕರು.

ನನಗೆ ತಡೆಯಲಾಗಲಿಲ್ಲ. "ಆ ಗಡಿಯಾರ ಬಿಚ್ಚಿ ಕಿಸೆದಾಗ ಇಟ್ಕೋರಿ" ಎಂದೆ ಆ ಹುಡುಗನಿಗೆ. ಅವನು ಬೆಚ್ಚಿ ನನ್ನ ಮುಖ ನೋಡಿದ. ಧನಿಗಳು ಹಾಸಿಗೆಯಿಂದ ಕೈ ಎತ್ತಿದರು. ಮೂಳೆ ಚಕ್ಕಳವಾದ ಆ ಕೈಯಲ್ಲೂ ಬಿಳಿ ಪಟ್ಟಿ ಹಾಗೇ ಇತ್ತು. "ಬೇಡ ರಾಯ್ರೇ. ನೆಂಟರಿಗೆ ಹಾಗೆಲ್ಲ ಹೇಳ್ಬಾರ್ದು."

ಮಗ ಹೊರಟುಹೋದ ನಾಲ್ಕನೆಯ ದಿನ ತೀರಿಕೊಂಡರು. ಅಳಿಯಸಂತಾನದ ಪ್ರಕಾರ ಹೋಟೆಲು ಅವರ ಅಕ್ಕನ ಮಗನಿಗೆ ಬಂತು. ಅವನು ಕೆಟ್ಟವನಲ್ಲ, ವ್ಯಾಪಾರಸ್ಥ. ಪರದೆ ತೆಗೆಸಿ ಫ್ಯಾಮಿಲಿ ರೂಮಿನಲ್ಲಿ ಇನ್ನೂ ನಾಲ್ಕು ಮೇಜು ಹಾಕಿಸಿದ. ಕಪಾಟಿನ ಕೆಳಗಿನ ಅರೆಯಲ್ಲಿದ್ದದ್ದನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಆ ಕಡೆ ನಾನು ಮತ್ತೆ ಹೋಗಲಿಲ್ಲ. ಚಾಳು ಬಿಟ್ಟು ದಹಿಸರಿನಲ್ಲಿ ಒಂದು ಕೋಣೆ ಹಿಡಿದೆ.

ಆ ದಶಕ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ ಬಾಗಿಲು ಬಡಿಯಿತು. ಎತ್ತರದ ಹುಡುಗಿ, ಕೈಯಲ್ಲಿ ಪೇಢೆಯ ಡಬ್ಬಿ. ಗುರುತು ಹಿಡಿಯಲು ನನಗೆ ಹೊತ್ತು ಬೇಕಾಯಿತು. "ಅಪ್ಪಾ, ಮ್ಯಾಟ್ರಿಕ್ ಪಾಸ್ ಆದೆ. ನಾನಾಗೇ ಹಟ ಮಾಡಿ, ಗಿರಣಿ ಆಫೀಸಿನ್ಯಾಗ ಪತ್ತಾ ಕೇಳ್ಕೊಂಡು ಬಂದೆ. ಮಾಮಾ ಬರೇ ಸ್ಟೇಷನ್ ತನಕಾ ಬಂದಾನ" ಎಂದಳು. ಹೊಸಿಲು ದಾಟುವ ಮೊದಲು ಕೈಗಡಿಯಾರ ಬಿಚ್ಚಿ ಪರ್ಸಿನಲ್ಲಿ ಹಾಕಿದಳು. ಯಾರೂ ಹೇಳಿರಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಕೂತಳು. ಹೋಟೆಲ್ ಅಜ್ಜ ಹೇಗಿದ್ದಾರೆ ಎಂದು ಕೇಳಿದಳು. ಹೋದರು ಎಂದೆ. ಏಳು ವರ್ಷದ ಮಾತನ್ನು ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ನಾನು ಎದ್ದು ಒಳಗೆ ಹೋದೆ. ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು. ಬೆಲ್ಲ ಸಿಗಲಿಲ್ಲ. ಅವಳಿಗೊಂದು, ನನಗೊಂದು, ಎರಡು ಲೋಟ ನೀರು ತಂದು ಅವಳ ಮುಂದೆ ಇಟ್ಟೆ.

ಅವಳು ಲೋಟ ನೋಡಿದಳು. ಬಾಯಿ ಒರೆಸಿಕೊಂಡಳು. ಎದ್ದು ನಿಂತು ಸೀರೆಯ ನೆರಿಗೆ ಸರಿಮಾಡಿಕೊಂಡಳು.

ಕೂಡವ್ವಾ, ಇದು ಅದಲ್ಲ, ಈಗಿನ್ನೂ ಬಂದೀ ಎನ್ನಬೇಕಿತ್ತು. ಬಾಯಿ ತೆರೆದೆ ಕೂಡ. ಎದ್ದ ಮಗುವನ್ನು ಮತ್ತೆ ಕೂರಿಸ್ಬಾರ್ದು ಎಂಬ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ಲೋಕವನ್ನೆಲ್ಲ ಕಡಿದ ನನ್ನ ಬಾಯಿ ಆ ದಿನ ಒಂದು ಮಾತಿಗೆ ಏಳಲಿಲ್ಲ. ಮಗಳು ಸ್ವಲ್ಪ ಹೊತ್ತು ನಿಂತೇ ಇದ್ದಳು. ನಾನು ಏನಾದರೂ ಹೇಳಲಿ ಎಂದು ಕಾದಿದ್ದಳೇನೋ. ಆಮೇಲೆ ನನ್ನ ಕಾಲು ಮುಟ್ಟಿ ಹೊರಟಳು.

ಮಗಳ ಎದುರು ಗೌರವದಿಂದ ಕೂರುವುದನ್ನು ನನಗೆ ಕಲಿಸಿದವರು ಧನಿಗಳು. ಅವಳನ್ನು ಹೋಗಗೊಡುವುದನ್ನು ಕಲಿಸಿದವರೂ ಅವರೇ. ಕೂಡು ಎನ್ನುವುದನ್ನು ಕಲಿಸಲಿಲ್ಲ, ಅದು ಅವರಿಗೂ ಬರುತ್ತಿರಲಿಲ್ಲ. ಅವಳು ಗಲ್ಲಿಯ ತಿರುವು ದಾಟುವವರೆಗೆ ಬಾಗಿಲಲ್ಲಿ ನಿಂತಿದ್ದು ಒಳಗೆ ಬಂದೆ. ಎರಡೂ ಲೋಟದ ನೀರನ್ನು ನಾನೇ ಕುಡಿದೆ.