ಖಾಲಿ ಬಿದ್ದ ಐದು ವಾರ

೧೯೮೬ರ ಒಂದು ಗುರುವಾರ, ಬೆಳಗಿನ ಆರು ಗಂಟೆ. ರಬಾಳೆಯ ಕಾರ್ಖಾನೆಗಳ ಹಿಂದಿನಿಂದ ಹರಿದು ಖಾಡಿ, ಎಂದರೆ ಕಡಲ ಹಿನ್ನೀರು, ಸೇರುವ ನಾಲಾದ ದಂಡೆಯಲ್ಲಿ ಲೀಲಾಧರ ಪ್ಯಾಂಟು ಮಡಚಿ ನಿಂತಿದ್ದಾರೆ. ನೀರಿಗೆ ಇಳಿದಿರುವವರು ಮಾತ್ರ ಶಾಲಾ ಶಿಕ್ಷಕಿ ನೀಲಗಂಗಾ. ಬಾಟಲಿಯನ್ನು ನಾಲಾದ ನೀರಿನಲ್ಲೇ ಮೂರು ಸಲ ತೊಳೆದು, ನಾಲ್ಕನೆಯ ಸಲ ತುಂಬಿ ಬಿರಡೆ ಹಾಕುತ್ತಾರೆ.  ಸುಮ್ಮನೆ ನೋಡುತ್ತಿರಲು ಲೀಲಾಧರ ಪಡುವ ಪಾಡು ನೋಡಿದರೆ ನಗು ಬರುತ್ತದೆ.

ಕಾರ್ಕಳದ ಕಡೆಯ ಲೀಲಾಧರರಿಗೆ ಈಗ ನಲವತ್ತಾರು. ಠಾಣೆ ಪಟ್ಟಣದ ಹೋಟೆಲೊಂದರಲ್ಲಿ ಅಡುಗೆಯವರು. ದಿನಕ್ಕೆ ಆರುನೂರು ಇಡ್ಲಿ, ಮೂರು ಹಂಡೆ ಸಾಂಬಾರು. ವಾಸ ರಬಾಳೆಯ ಚಾಳಿನ ಸಾಲುಮನೆಯೊಂದರಲ್ಲಿ. ೧೯೮೨ರಲ್ಲಿ ನಾಲಾದಲ್ಲಿ ಮೀನುಗಳು ಸತ್ತು ತೇಲಿದಾಗ ಊರಿನವರು ಖಾಡಿ ಕಾವಲು ಮಂಡಳಿ ಕಟ್ಟಿದರು. ಕಚೇರಿಯಿಲ್ಲ, ಫಲಕವಿಲ್ಲ. ವಾರಕ್ಕೊಮ್ಮೆ ನೀರು ಹಿಡಿದು ವಾಶಿಯ ಪ್ರಯೋಗಾಲಯಕ್ಕೆ ಮುಟ್ಟಿಸುವ ಕೆಲಸ ಲೀಲಾಧರರ ಪಾಲಿಗೆ ಬಂತು.

ಹೋಟೆಲಿನ ಅಡುಗೆಯವರು ಮಸಾಲೆ ಹಾಕುವಾಗ ಬೆನ್ನು ತಿರುಗಿಸುತ್ತಾರೆ. ಅಳತೆ ತಿಳಿದರೆ ಮಾಲೀಕರು ನಾಳೆಯೇ ಅಗ್ಗದ ಆಳು ಇಟ್ಟುಕೊಂಡಾರೆಂಬ ಭಯ. ಲೀಲಾಧರ ಅದೇ ಬುದ್ಧಿಯನ್ನು ನಾಲಾಕ್ಕೂ ತಂದರು. ಎಲ್ಲಿ ನಿಲ್ಲಬೇಕು, ಬಾಟಲಿ ಎಷ್ಟು ಆಳಕ್ಕೆ ಇಳಿಸಬೇಕು, ಒಬ್ಬರಿಗೂ ಹೇಳಲಿಲ್ಲ. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಲೀಲಾಧರ ಟೈಫಾಯ್ಡ್ ಬಂದು ಮಲಗಿದರು. ವಾರವಾರ ನೀರು ಹಿಡಿದದ್ದನ್ನು ಬರೆದಿಡುವ ಪುಸ್ತಕದಲ್ಲಿ ಐದು ವಾರ ಖಾಲಿ ಬಿತ್ತು.

ಕಾರ್ಖಾನೆಗಳ ಮೇಲೆ ಮಂಡಳಿ ಕೊಟ್ಟಿದ್ದ ದೂರಿನ ವಿಚಾರಣೆಯಲ್ಲಿ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ಆ ಐದು ವಾರ ನೀರು ಶುದ್ಧವಾಗಿತ್ತೇ? ದೂರು ಬಿದ್ದುಹೋಯಿತು.

"ಮೀನು ಹಿಡಿಯುವವರ ಮುಖ ನೋಡ್ಲಿಕ್ಕೆ ಆಗ್ಲಿಲ್ಲ ಮಾರಾಯ್ರೆ. ಕಾರ್ಖಾನೆಯವರದ್ದು ಆಮೇಲೆ, ಮೊದಲು ತಪ್ಪು ನನ್ನದೇ," ಎನ್ನುತ್ತಾರೆ ಲೀಲಾಧರ.

ಚೇತರಿಸಿಕೊಂಡವರೇ ಒಂಬತ್ತು ಜನರನ್ನು ದಂಡೆಗೆ ಕರೆತಂದರು. ಈಗ ಸರದಿಯಿದೆ, ಪ್ರತಿ ವಾರ ಇಬ್ಬರು ಬರುತ್ತಾರೆ, ನೀರು ಹಿಡಿದವರು ಸಹಿ ಹಾಕುತ್ತಾರೆ. ಕಲಿಸುವುದು ಇವರಿಗೆ ಸುಲಭವಾಗಲಿಲ್ಲ.

"ಮೊದಮೊದಲು ಬಾಟ್ಲಿ ಮುಟ್ಟಾಕ ಬಿಡ್ತಿರಲಿಲ್ರಿ ಇವರು," ಎಂದು ನೀಲಗಂಗಾ ಚುಡಾಯಿಸುತ್ತಾರೆ. "ಈಗ ತಪ್ಪಿದ್ರ ಹತ್ತು ಸಲ ಮಾಡಸ್ತಾರ, ತಾವು ಮಾತ್ರ ಕೈ ಹಚ್ಚಂಗಿಲ್ಲ."

ಮುಂದಿನ ತಿಂಗಳು ಹೊಸ ದೂರಿನ ವಿಚಾರಣೆ. ಗೆಲ್ಲುತ್ತೇವೆಂದು ಯಾರೂ ಎದೆ ತಟ್ಟಿ ಹೇಳುವುದಿಲ್ಲ. ವಾರದ ರಜೆಯಾದ್ದರಿಂದ ಸರದಿಯಿಲ್ಲದಿದ್ದರೂ ಬಂದು ನಿಂತ ಲೀಲಾಧರ ಪುಸ್ತಕದ ಹಾಳೆ ಮಗುಚುತ್ತಾರೆ.

"ಒಂದು ವಾರವೂ ಖಾಲಿ ಇಲ್ಲ, ನೋಡಿ. ಐವತ್ತೆರಡರಲ್ಲಿ ನನ್ನ ಸಹಿ ಆರೇ ಆರು."