ಬಬಲೇಶ್ವರಕ್ಕೆ ಬೆಕ್ಕು ಒಯ್ದ ಸೂಟಿ

ಅವ್ವ ಅಂದು ಮಧ್ಯಾಹ್ನ ಜೋರಾಪುರ ಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಹಳೆಯ ಸೀರೆಯ ತುಂಡನ್ನು ಬಿದಿರಿನ ಬುಟ್ಟಿಯ ಬಾಯಿಗೆ ಅಳತೆ ಹಿಡಿಯುತ್ತಿದ್ದಳು. ಎಪ್ಪತ್ತರ ದಶಕದ ಒಂದು ಬೇಸಿಗೆ. ಶಾಲೆಗೆ ಸೂಟಿ ಬಿಟ್ಟೊಡನೆ ನಾವು ವಿಜಾಪುರದಿಂದ ಬಬಲೇಶ್ವರಕ್ಕೆ, ಅವ್ವನ ತವರಿಗೆ, ಹೋಗುತ್ತಿದ್ದೆವು. ಬೆಕ್ಕೂ ಜೊತೆಗೆ ಬರುತ್ತಿತ್ತು. ಬುಟ್ಟಿಯಲ್ಲಿ ಅದನ್ನು ಕೂರಿಸಿ, ಮೇಲೆ ಗಾಳಿಯಾಡುವ ಹಾಗೆ ಅರಿವೆ ಹೊಲಿದುಬಿಡುವುದು ಅವ್ವನ ಪದ್ಧತಿ.

"ಮುಂಜಾನೆ ಹಾಲ ಹಾಕಬ್ಯಾಡ, ಬಸ್ಸಿನ್ಯಾಗ ಕಾರತೈತಿ," ಎಂದಳು. "ಟಾಪಿನ ಮ್ಯಾಲ ಇಡಾಕ ಕೊಡಬ್ಯಾಡ, ತೊಡಿ ಮ್ಯಾಲೇ ಇಟ್ಗೊ. ಊರಾಗ ಕದಾ ಹಾಕ್ಕೊಂಡ ಮ್ಯಾಲೇ ಬಿಚ್ಚಬೇಕ."

"ವರ್ಷಾ ಇದನ್ನ ಹೇಳ್ತಿ ಬೇ," ಎಂದೆ ನಾನು.

"ವರ್ಷಾ ಮರೀತಿ ನೀ," ಎಂದು ರೊಟ್ಟಿ ಬಡಿಯಲು ಎದ್ದಳು. ಆ ಸಪ್ಪಳ ಕೇಳಿದ್ದೇ ಬೆಕ್ಕು ಎಲ್ಲಿಂದಲೋ ಬಂದು ಒಲೆಯ ಪಕ್ಕ ಕುಳಿತಿತು. ದಿನವೂ ಹಾಗೆಯೇ.

ಮರುದಿನ ಮುಂಜಾನೆ ನೀರಿನ ಕೊಡ ಇಳಿಸುತ್ತ ಅವ್ವ ಕುಸಿದಳು. ಸಂಜೆಗೆ ಇರಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಅವ್ವನ ತಾಯಿ, ನಮ್ಮ ಆಯಿ, ಸೂಟಿ ತಪ್ಪಿಸಬೇಡಿ ಬರ್ರಿ ಎಂದು ಹೇಳಿ ಕಳಿಸಿದಳು. ಬೆಕ್ಕನ್ನು ನೆರೆಮನೆಯಲ್ಲಿ ಬಿಡೋಣ ಎಂದ ಅಪ್ಪ. ಅದು ಆಗಲೇ ಸರಿಯಾಗಿ ಉಣ್ಣುವುದನ್ನು ಬಿಟ್ಟಿತ್ತು. ಅವ್ವ ವರ್ಷವೂ ಒಯ್ದದ್ದನ್ನು ಈ ವರ್ಷ ನಾನು ಒಯ್ಯುವವಳೇ ಎಂದುಕೊಂಡು, ದಬ್ಬಣ ಹಿಡಿದು ಅವಳು ಅಳೆದಿಟ್ಟ ಅದೇ ತುಂಡನ್ನು ಹೊಲಿದೆ.

"ಬೆಕ್ಕಿಗೂ ಸಾಲಿ ಸೂಟಿ ಬಿಟ್ಟಾರೇನ ಬೇ?" ಎಂದಳು ನೆರೆಮನೆಯಾಕೆ.

ನೇರ ಬಸ್ಸು ತಪ್ಪಿತು. ತಿಕೋಟಾಕ್ಕೆ ಹೋಗಿ ಅಲ್ಲಿಂದ ಬೇರೆ ಬಸ್ಸು ಹಿಡಿಯಬೇಕಾಯಿತು. ಇಟ್ಟಂಗಿಹಾಳ ದಾಟುವವರೆಗೂ ಬೆಕ್ಕು ಒದರಿತು. ಕಂಡಕ್ಟರ್ ಬುಟ್ಟಿಯನ್ನು ಟಾಪಿಗೆ ಹಾಕೆಂದ. ನಾನು ಕೊಡಲಿಲ್ಲ. "ಹಾಸಿಗಿ ಹಾಸಿ ಕೊಡ್ಲೇನ ಅದಕ್ಕ?" ಎಂದು ಗೊಣಗಿ ಮುಂದೆ ಹೋದ.

ತಿಕೋಟಾದ ಬೇವಿನ ನೆರಳಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ಅಪ್ಪ ಬಸ್ಸು ವಿಚಾರಿಸಲು ಹೋದ. ಬಿಸಿಲಿಗೆ ಅರಿವೆಯನ್ನು ತೋಯಿಸಬೇಕೆಂದು, ಬುಟ್ಟಿಯನ್ನು ಮುದುಕಿಯ ಪಕ್ಕ ಇಟ್ಟು ನಾನು ನೀರಿಗೆ ಹೋದೆ. ಬರುವಷ್ಟರಲ್ಲಿ ಹೊಲಿಗೆ ಬಿಚ್ಚಿತ್ತು, ಬುಟ್ಟಿ ಬರಿದಾಗಿತ್ತು.

"ಚಿಂತಿ ಬಿಡವಾ, ಓಡಿ ಹೋತ," ಎಂದಳು ಮುದುಕಿ ಸಮಾಧಾನದಿಂದ. "ಹಳ್ಳಾ ದಾಟಿಸಿ ತಂದೀರಿ, ಇನ್ನ ತಿರುಗಿ ಬರೂದಿಲ್ಲ. ಬಿಡಾಕ ನಿನಗ ಮನಸ ಆಗವಲ್ದು ಅಂತ ನಾನ ಬಿಚ್ಚಿದೆ."

ನಮ್ಮ ಕಡೆ ಬೇಡಾದ ಬೆಕ್ಕನ್ನು ದಾರಿ ಕಾಣದಂತೆ ಮುಚ್ಚಿ ಒಯ್ದು, ಹಳ್ಳದ ಆಚೆ ಬಿಟ್ಟು ಬರುತ್ತಾರೆ. ಆಕೆಗೆ ನನ್ನ ಬುಟ್ಟಿ ಹಾಗೆ ಕಂಡಿತ್ತು.

"ಬಿಡಾಕ ತಂದಿಲ್ಲ ಯಮ್ಮಾ. ನಮ್ಮವ್ವನ ಬೆಕ್ಕ ಅದು. ಅವ್ವ ತೀರ್ಕೊಂಡಾಳ."

"ಯವ್ವಾ, ನನ್ನ ಕೈ ಮುರೀಲಿ," ಎಂದು ಮುದುಕಿ ಎದ್ದು ನಿಂತಳು.

ಬೆಕ್ಕು ರಸ್ತೆಯ ಆಚೆಗಿನ ಕಣಿಕೆಯ, ಒಣ ಜೋಳದ ದಂಟಿನ, ಬಣವೆಯ ಸಂದಿಯಲ್ಲಿ ಹೊಕ್ಕಿತ್ತು. ಕರೆದರೆ ಬರಲಿಲ್ಲ, ಹತ್ತಿರ ಹೋದರೆ ಇನ್ನೂ ಒಳಕ್ಕೆ ಸರಿಯಿತು. ಅಷ್ಟರಲ್ಲಿ ಬಬಲೇಶ್ವರದ ಬಸ್ಸು ಬಂತು.

"ಹತ್ತವಾ," ಎಂದ ಅಪ್ಪ. "ಬೆಕ್ಕಿನ ಸಲುವಾಗಿ ಬಸ್ಸ ಬಿಡ್ತಿಯೇನ?"

"ನೀ ಹೋಗಪ್ಪಾ. ನಾ ಅದನ್ನ ತಗೊಂಡೇ ಬರ್ತೇನಿ."

ಅಪ್ಪ ನನ್ನ ಮುಖ ನೋಡಿದ. ಎತ್ತಿಕೊಂಡಿದ್ದ ಗಂಟನ್ನು ಕೆಳಗಿಟ್ಟ. ಬಸ್ಸು ಹೋಯಿತು.

ಕರೆದು ಕರೆದು ಗಂಟಲು ಒಣಗಿದ ಮೇಲೆ ನನಗೆ ಹೊಳೆಯಿತು. ಮುದುಕಿಯ ಮನೆ ಬಣವೆಗೆ ಹತ್ತಿಯೇ ಇತ್ತು. "ಯಮ್ಮಾ, ಜ್ವಾಳದ ಹಿಟ್ಟ ಐತೇನು?" ಎಂದೆ. ಆಕೆ ಏಕೆಂದು ಕೇಳದೆ ಒಲೆ ಹೊತ್ತಿಸಿದಳು. ಕದ ತೆರೆದಿಟ್ಟು ನಾನು ರೊಟ್ಟಿ ಬಡಿಯತೊಡಗಿದೆ.

"ಎಂಥಾ ರೊಟ್ಟಿ ಬೇ ಇದು? ಅಂಚೆಲ್ಲಾ ಹರದೈತಿ," ಎಂದಳು ಮುದುಕಿ.

"ಹರೀಲಿ. ಸಪ್ಪಳ ಆದರ ಸಾಕು."

ಅವ್ವ ಹೇಗೆ ಬಡಿಯುತ್ತಿದ್ದಳೆಂದು ನೆನೆಸಿಕೊಂಡು ಬಡಿದೆ. ಅಂಗೈ ಉರಿದರೂ ಬಿಡಲಿಲ್ಲ. ಹಿಟ್ಟು ತೀರುತ್ತ ಬಂದಾಗ ಬೆಕ್ಕು ಬಾಗಿಲಲ್ಲಿ ನಿಂತಿತ್ತು, ಮೈಮೇಲೆಲ್ಲ ಕಣಿಕೆಯ ಸಿಪ್ಪೆ. ಒಳಗೆ ಬಂದು ನನ್ನ ಕೈ ಮೂಸಿತು. ಆಮೇಲೆ ನನ್ನ ಬೆನ್ನ ಹಿಂದೆ ಹೋಗಿ ನೋಡಿತು, ಹಿಟ್ಟಿನ ಡಬ್ಬಿಯ ಹಿಂದೆ ನೋಡಿತು. ಅಪ್ಪ ಸದ್ದಿಲ್ಲದೆ ಕದ ಹಾಕಿದ.

ಈ ಸಲ ಮುದುಕಿಯೇ ಅರಿವೆ ಹೊಲಿದಳು. "ಇನ್ನ ಯಾರ ಬಿಚ್ಚತಾರ ನೋಡ್ತೇನಿ," ಎಂದು ಗಂಟಿನ ಮೇಲೆ ಗಂಟು ಹಾಕಿದಳು. ನಾನು ಬಡಿದ ರೊಟ್ಟಿಗಳನ್ನೂ ಬೇಯಿಸಿ ಕಟ್ಟಿಕೊಟ್ಟಳು. ಮುಂದಿನ ಬಸ್ಸು ಬರುವವರೆಗೆ ಬುಟ್ಟಿ ನನ್ನ ತೊಡೆಯಿಂದ ಇಳಿಯಲಿಲ್ಲ.

ಆಯಿಯ ಮನೆಯಲ್ಲಿ ಕದ ಹಾಕಿಕೊಂಡ ಮೇಲೆಯೇ ಬಿಚ್ಚಿದೆ. ಆ ಗಂಟು ಬಿಚ್ಚಲು ಆಯಿ ಕುಡಗೋಲು ತರಬೇಕಾಯಿತು. ಬೆಕ್ಕು ಅಂದು ರಾತ್ರಿ ಹಾಲಿನಲ್ಲಿ ನೆನೆಸಿದ ರೊಟ್ಟಿ ತಿಂದಿತು.

ಅದನ್ನು ಮುಂದೆಯೂ ಎಷ್ಟೋ ಸೂಟಿಗೆ ಒಯ್ದೆ, ಕ್ಷೇಮವಾಗಿ ಮರಳಿ ತಂದೆ. ಈಗ ನನ್ನ ರೊಟ್ಟಿಯ ಅಂಚು ಹರಿಯುವುದಿಲ್ಲ. ಅವ್ವ ಬಡಿಯುತ್ತಿದ್ದ ಸಪ್ಪಳ ಮಾತ್ರ ನನ್ನ ಕೈಗೆ ಇನ್ನೂ ಬಂದಿಲ್ಲ.